ರಸ್ತೆ ಮುಟ್ಟದ ಯಾತ್ರೆ

ಸೂಜಿಯ ಕಣ್ಣಿಗೆ ದಾರ ಮೊದಲನೇ ಸಲಕ್ಕೇ ಹೋಯಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರೋ ಮೊದಲೇ ಪೋಣಿಸಿಟ್ಟು ತನಗೆ ಮೋಸ ಮಾಡಿದ್ದಾರೇನೋ ಎಂಬಂತೆ ಇನ್ನೊಮ್ಮೆ ನೋಡಿದಳು. ಮಡಿಲಲ್ಲಿ ಶಾಲೆ ಮಕ್ಕಳ ನೀಲಿ ಚಡ್ಡಿಗಳ ರಾಶಿ ಇತ್ತು. ಹೊಲಿಗೆ ಮುಗಿದಿತ್ತು, ಗುಂಡಿ ಹಚ್ಚುವುದು ಬಾಕಿ.

ಕಣ್ಣಿನ ಆಪರೇಷನ್ನಿಗೆ ಮುಂಚೆ ಈ ಮನೆಯ ಹೊಸ್ತಿಲು ದಾಟಿ ಬಂದವರೆಲ್ಲ ಅವಳ ಸೂಜಿಗೆ ದಾರ ಪೋಣಿಸಿಯೇ ಹೋಗಬೇಕಿತ್ತು. ಹಾಲಿನವನು ಪೋಣಿಸಿದ್ದ, ಮೀಟರ್ ಓದುವವನು ಪೋಣಿಸಿದ್ದ, ಒಮ್ಮೆ ವಿಳಾಸ ತಪ್ಪಿ ಬಂದವನೊಬ್ಬ ನಾಲ್ಕು ಸೂಜಿಗೆ ಪೋಣಿಸಿಕೊಟ್ಟು ಹೋಗಿದ್ದ. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವಳು ಮನಸ್ಸಿನಲ್ಲೇ ಒಂದು ಹರಕೆ ಹೊತ್ತಳು: ನನ್ನ ಸೂಜಿಗೆ ನಾನೇ ದಾರ ಪೋಣಿಸುವ ಹಾಗಾದರೆ ಗುಡ್ಡದ ಗುಡಿಗೆ ನಡೆದುಕೊಂಡು ಬರುತ್ತೇನೆ. ದೇವರು ತನ್ನ ಪಾಲಿನದನ್ನು ಮುಗಿಸಿ ಒಂದು ವರ್ಷವಾಗುತ್ತ ಬಂದಿತ್ತು. ಅವಳ ಪಾಲಿನದೇ ಹಾಗೇ ಉಳಿದಿತ್ತು. ಪ್ರತಿ ಸಲ ದಾರ ಸಲೀಸಾಗಿ ಹೋದಾಗಲೂ ಅವಳಿಗೆ ಖುಷಿಯ ಜೊತೆಗೆ ಸಣ್ಣಗೆ ಚುಚ್ಚುತ್ತಿತ್ತು.

ಅಡ್ಡಿಯಾಗಿದ್ದದ್ದು ಹೆದ್ದಾರಿ. ಗುಡ್ಡಕ್ಕೆ ಹೋಗುವವರೆಲ್ಲ ಅದೇ ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ಬೆನ್ನ ಹಿಂದೆ ಲಾರಿಯ ಹಾರ್ನ್ ಕೇಳಿದರೆ ಅವಳ ಎದೆ ಬಾಯಿಗೆ ಬರುತ್ತಿತ್ತು. ಹಾಗಾಗಿ ಕಳೆದ ವಾರ ಗಂಡನಿಗೆ ಊಟ ಬಡಿಸುತ್ತ, "ರೀ, ರಸ್ತೆ ಸ್ವಲ್ಪ ಕಡಿಮೆ ಇರೋ ದಾರಿ ಯಾವುದಾದ್ರೂ ಇದ್ಯಾ ಗುಡ್ಡಕ್ಕೆ?" ಎಂದು ಕೇಳಿದ್ದಳು. ಅಷ್ಟೇ ಕೇಳಿದ್ದು.

"ಗಮನಿಸಿ!" ಎನ್ನುತ್ತ ಗಂಡ ಒಳಗೆ ಬಂದ.

ಅವನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗುವ ಕೆಲಸದವನು. ಬೀದಿಯವರಿಗೆಲ್ಲ ಅವನು ಮೈಕಣ್ಣ. ಮನೆಗೆ ಬಂದರೂ ಮೈಕು ಅವನ ಗಂಟಲಿನಿಂದ ಇಳಿಯುತ್ತಿರಲಿಲ್ಲ. ಸ್ನಾನಕ್ಕೆ ನೀರು ಕಾದಿದೆಯೇ ಎಂದು ಅವನು ಕೇಳಿದರೆ ಪಕ್ಕದ ಮನೆಯವರು ತಮ್ಮ ಒಲೆ ನೋಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳಿಂದ ಲೋಕವನ್ನೆಲ್ಲ ಊರೂರಿಗೆ ಕಳಿಸಿದ ಈ ಮನುಷ್ಯ ತಾನು ಮಾತ್ರ ಕುರ್ಚಿಯಿಂದ ಅಲುಗಿದವನಲ್ಲ. ಆದರೂ ದಾರಿಗಳ ವಿಷಯದಲ್ಲಿ ತನ್ನನ್ನು ಬಿಟ್ಟರಿಲ್ಲ ಎಂದು ಅವನು ನಂಬಿದ್ದ. ಯಾರೂ ಅದನ್ನು ಪರೀಕ್ಷಿಸಲು ಹೋಗಿರಲಿಲ್ಲವಾದ್ದರಿಂದ ಆ ನಂಬಿಕೆ ಗಟ್ಟಿಮುಟ್ಟಾಗಿಯೇ ಇತ್ತು.

ಅವನು ಚಡ್ಡಿಗಳ ರಾಶಿಯ ಮೇಲೆಯೇ ಒಂದು ದೊಡ್ಡ ನಕ್ಷೆ ಹರವಿದ. "ಸರ್ವೆ ಆಫೀಸಿನ ಗೆಳೆಯನ್ನ ಕಾಡಿ ಬೇಡಿ ತಂದೆ. ನೋಡೇ ಇಲ್ಲಿ. ದಪ್ಪ ಗೆರೆ ಎಲ್ಲ ರಸ್ತೆ. ಇದು ನೋಡು, ಚುಕ್ಕೆ ಚುಕ್ಕೆ ಗೆರೆ. ಇದೇನು ಹೇಳು?"

"ಏನು?"

"ಕಾಲುದಾರಿ! ನಮ್ಮ ಹಿತ್ತಲ ಹಿಂದಿನಿಂದ ಹೊರಟು ಗುಡ್ಡದ ಬುಡಕ್ಕೇ ಹೋಗುತ್ತೆ. ಇಷ್ಟು ವರ್ಷ ಒಬ್ಬರ ಕಣ್ಣಿಗೂ ಬಿದ್ದಿಲ್ಲ."

ಅವಳು ಹೊಸ ಕಣ್ಣಿನಿಂದ ಗೆರೆಯನ್ನು ನೋಡಿದಳು. ಬಟ್ಟೆ ಕತ್ತರಿಸುವ ಕಾಗದಗಳಲ್ಲಿ ಚುಕ್ಕೆ ಗೆರೆ ಎಂದರೆ ಮಡಿಸು ಎಂದರ್ಥ. ದಾರಿಯ ಚುಕ್ಕೆಗೆ ಏನರ್ಥವೋ. "ಇದು ಕೆರೆ ನಡುವೆ ಹೋಗ್ತಾ ಇದೆಯಲ್ರೀ?"

"ಬೇಸಿಗೇಲಿ ಒಣಗಿರುತ್ತೆ."

"ಇಲ್ಲಿ ಯಾಕೆ ಇಷ್ಟು ಚೂಪಾಗಿ ತಿರುಗಿಕೊಂಡಿದೆ? ನೇರ ಹೋಗಬಹುದಿತ್ತಲ್ಲ."

"ಹಿಂದಿನ ಕಾಲದವರು ಕಣೇ. ಅವರಿಗೆ ಪುರುಸೊತ್ತಿತ್ತು."

ಅವಳು ನಕ್ಷೆಯ ಕೆಳಗಿನಿಂದ ಮೆಲ್ಲಗೆ ಒಂದು ಚಡ್ಡಿ ಎಳೆದುಕೊಂಡು ಗುಂಡಿ ಹಚ್ಚತೊಡಗಿದಳು.

ವಿಷಯ ಇಲ್ಲಿಗೇ ನಿಂತಿದ್ದರೆ ಲೋಕಕ್ಕೆ ಒಂದು ಒಳ್ಳೆಯ ರಸ್ತೆ ತಪ್ಪಿಹೋಗುತ್ತಿತ್ತು. ಆದರೆ ಸಂಜೆ ಮೈಕಣ್ಣ ಕಾಂಪೌಂಡ್ ಗೋಡೆಯ ಬಳಿ ನಿಂತು ಪಕ್ಕದ ಮನೆಯ ಹೆಡ್‌ಮೇಷ್ಟ್ರಿಗೆ ಸುದ್ದಿ ಮುಟ್ಟಿಸಿದ. ಹೆಡ್‌ಮೇಷ್ಟ್ರು ನಿವೃತ್ತರಾಗಿದ್ದರೂ ಎದುರಿಗೆ ಯಾರು ನಿಂತರೂ ಉತ್ತರಪತ್ರಿಕೆಯಂತೆ ನೋಡುತ್ತಿದ್ದರು. ಮೇಲಾಗಿ ಅವರು ವಯಸ್ಸಿನಲ್ಲಿದ್ದಾಗ ಹೆದ್ದಾರಿಯಲ್ಲಿ ನಡೆದು ಗುಡ್ಡಕ್ಕೆ ಹೋಗಿ ಬಂದವರು. ಆಗ ಎದ್ದ ಹಿಮ್ಮಡಿಯ ಗುಳ್ಳೆ ಎಂದೋ ಮಾಯವಾಗಿದ್ದರೂ, ಅದು ಇದ್ದ ಜಾಗವನ್ನು ಬಂದವರಿಗೆಲ್ಲ ಚಪ್ಪಲಿ ಕಳಚಿ ತೋರಿಸುತ್ತಿದ್ದರು.

"ರಸ್ತೆ ಕಡಿಮೆ ಅಂದ್ರೆ ಎಷ್ಟು ಕಡಿಮೆ?" ಎಂದರು ಹೆಡ್‌ಮೇಷ್ಟ್ರು. "ಸ್ವಲ್ಪ ತುಳಿದ್ರೂ ರಸ್ತೆ ರಸ್ತೇನೇ ಅಲ್ವೇನ್ರೀ? ಅದರಲ್ಲಿ ಏನು ಹೆಚ್ಚುಗಾರಿಕೆ?"

ಮೈಕಣ್ಣನ ಗಂಟಲು ಉಬ್ಬಿತು. "ಸ್ವಲ್ಪಾನೂ ಇಲ್ಲ ಮೇಷ್ಟ್ರೇ. ಒಂದೇ ಒಂದು ಹೆಜ್ಜೆ ರಸ್ತೆ ಮೇಲೆ ಇಡಲ್ಲ. ಬೀದಿಯವರೆಲ್ಲ ಕೇಳಿಸ್ಕೊಳ್ಳಿ! ರಸ್ತೆ ಮುಟ್ಟದ ಯಾತ್ರೆ!"

ಬೀದಿಯವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳದೆ ಇರುವ ಅನುಕೂಲ ಅಲ್ಲಿ ಯಾರಿಗೂ ಇರಲಿಲ್ಲ. ಗೋಡೆಯ ಈಚೆಗೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅವಳಿಗೆ, 'ಸ್ವಲ್ಪ ಕಡಿಮೆ' ಎಂಬ ತನ್ನ ಬಡಪಾಯಿ ಮಾತು ಆ ಗೋಡೆಯ ಮೇಲೆಯೇ ಪ್ರಾಣ ಬಿಟ್ಟದ್ದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

ಎರಡು ದಿನದಲ್ಲಿ ಸಮಿತಿಯಾಯಿತು. ಅಧ್ಯಕ್ಷ ಮೈಕಣ್ಣ. ತಪ್ಪು ಹಿಡಿಯುವುದಕ್ಕಾಗಿಯೇ ಹೆಡ್‌ಮೇಷ್ಟ್ರು ಸೇರಿಕೊಂಡರು. ಮೈಕಣ್ಣನ ಅಕ್ಕ, ಎಂದರೆ ಅವಳ ಅತ್ತಿಗೆ, ಹೇಳದೆ ಕೇಳದೆ ಪೆಟ್ಟಿಗೆ ಹಿಡಿದು ಬಂದಿಳಿದಳು. "ಯಾತ್ರೆ ಮಾಡ್ತಾ ಇದಾನಂತೆ ನಮ್ಮ ತಮ್ಮ. ನಾನು ಇಲ್ಲದೆ ಹೇಗಾಗುತ್ತೆ?" ಎಂದು ಕೇಳಿದಳು. ಆಗಬಹುದಿತ್ತು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೀದಿಯ ಇನ್ನೂ ಹದಿನೈದಿಪ್ಪತ್ತು ಜನ ಹೆಸರು ಕೊಟ್ಟರು. ಎಲ್ಲರಿಗೂ ಒಂದೊಂದು ಹೆಗಲಚೀಲ, ಅದರ ಮೇಲೆ 'ರಸ್ತೆ ಮುಟ್ಟದ ಯಾತ್ರೆ' ಎಂದು ದಾರದಲ್ಲಿ ಅಕ್ಷರ.

"ಯಾರು ಹೊಲೀತಾರೆ?" ಎಂದು ಹೆಡ್‌ಮೇಷ್ಟ್ರು ಕೇಳಿದರು.

ಎಲ್ಲರೂ ಅವಳ ಕಡೆ ತಿರುಗಿದರು. ಹರಕೆ ಯಾರದೆಂಬ ಮಾತು ಅಷ್ಟರಲ್ಲಿ ಮರೆತೇ ಹೋಗಿತ್ತು.

ಮುಂದಿನ ಭಾನುವಾರ ದಾರಿ ನೋಡಿ ಬರುವುದೆಂದು ನಿಶ್ಚಯವಾಯಿತು. ಬರುವವರಿಗೆ ಗುರುತು ಸಿಗಲೆಂದು ದಾರಿಯುದ್ದಕ್ಕೂ ಕೆಂಪು ಪಟ್ಟಿ ಕಟ್ಟುತ್ತ ಹೋಗಬೇಕು. ಶಾಲೆಯ ಕ್ರೀಡಾದಿನಕ್ಕೆಂದು ಅವಳು ತಂದಿಟ್ಟಿದ್ದ ಕೆಂಪು ಬಟ್ಟೆ ಪಟ್ಟಿಪಟ್ಟಿಯಾಯಿತು. ಮೈಕಣ್ಣ ನಕ್ಷೆ ಹಿಡಿದ, ಹೆಡ್‌ಮೇಷ್ಟ್ರು ಅಳತೆಯ ಹಗ್ಗವನ್ನೂ ಸಂಶಯವನ್ನೂ ಹಿಡಿದರು, ಅತ್ತಿಗೆ ಛತ್ರಿ ಹಿಡಿದಳು, ಅವಳು ಉಳಿದದ್ದನ್ನೆಲ್ಲ ಹಿಡಿದಳು.

ಹೊರಡುವಾಗಲೇ ತೊಡಕು. ಮುಂಬಾಗಿಲಿನಿಂದ ಇಳಿದರೆ ರಸ್ತೆ.

"ಇಲ್ಲಿಗೇ ಮುರಿದುಬಿತ್ತು ನಿಮ್ಮ ನಿಯಮ," ಎಂದರು ಹೆಡ್‌ಮೇಷ್ಟ್ರು ತೃಪ್ತಿಯಿಂದ.

"ಹಿತ್ತಲಿನಿಂದ ಹೋಗೋಣ," ಎಂದ ಮೈಕಣ್ಣ. ಹಿತ್ತಲಿಗೆ ಬಾಗಿಲಿತ್ತು, ಅದರಾಚೆ ಇಟ್ಟಿಗೆ ಭಟ್ಟಿಯ ಗೋಡೆ ಇತ್ತು. ಗಂಡಸರು ದಾಟಿದರು, ಅವಳೂ ಸೀರೆ ಎತ್ತಿ ಸಿಕ್ಕಿಸಿಕೊಂಡು ದಾಟಿದಳು. ಅತ್ತಿಗೆ ಮಾತ್ರ ಗೋಡೆಯ ನೆತ್ತಿಯ ಮೇಲೆ ಒಂದು ಕಾಲು ಆಚೆ, ಒಂದು ಕಾಲು ಈಚೆ ಬಿಟ್ಟು ಕೂತು, ಛತ್ರಿ ಬಿಡಿಸಿಕೊಂಡು, "ಲೋ, ನಾನು ಇಲ್ಲೇ ಇರ್ತೀನಿ. ನೀವು ಯಾತ್ರೆ ಮುಗಿಸಿಕೊಂಡು ಬನ್ನಿ," ಎಂದಳು. ಭಟ್ಟಿಯ ಆಳುಗಳು ಏಣಿ ತಂದರು. ಅತ್ತಿಗೆಯನ್ನು ಇಳಿಸುವುದರಲ್ಲಿ ಮೈಕಣ್ಣನ ಅಂಗಿಯ ಒಂದು ತೋಳು ಕಿತ್ತುಬಂತು. ಅದನ್ನೂ ಅವಳು ಚೀಲದಲ್ಲಿ ಹಾಕಿಕೊಂಡಳು, ಹೊಲಿಯುವವಳು ಅವಳೇ ತಾನೇ.

ಚುಕ್ಕೆ ಗೆರೆ ಯಾರಿಗೂ ದಾಕ್ಷಿಣ್ಯ ತೋರಿಸಲಿಲ್ಲ. ಮುಳ್ಳುಬೇಲಿಯೊಳಗೆ ನುಗ್ಗಿತು, ಕಸದ ಗುಂಡಿಗೆ ಇಳಿಯಿತು, ಒಂದು ಬಾವಿಯ ನಡುವೆಯೇ ಹಾದು ಹೋಯಿತು. ಬಾವಿಗೆ ಕೆಂಪು ಪಟ್ಟಿ ಕಟ್ಟಿ ಮೈಕಣ್ಣ, "ಇಲ್ಲಿ ಯಾತ್ರಿಕರು ನೀರು ಕುಡೀತಿದ್ರು," ಎಂದು ಘೋಷಿಸಿದ. ಕೊನೆಗೆ ಗೆರೆ ನೇರವಾಗಿ ಒಂದು ಕೋಳಿ ಫಾರಂ ಹೊಕ್ಕು, ಅದರ ಹಿಂದಿನ ಮನೆಯ ಮುಂಬಾಗಿಲಿಗೆ ಬಂದು ನಿಂತಿತು. ಮೈಕಣ್ಣನೂ ನಿಂತ. ಹೆಡ್‌ಮೇಷ್ಟ್ರು ಬಾಗಿಲ ಚೌಕಟ್ಟಿನಿಂದ ಒಳಕೋಣೆಯವರೆಗೆ ಹಗ್ಗ ಹಿಡಿದರು. ಅತ್ತಿಗೆ ಕಿಟಕಿಯ ಸರಳಿಗೆ ಪಟ್ಟಿ ಕಟ್ಟಿದಳು.

ಕೋಳಿ ಫಾರಂನವನು ಕೈಯಲ್ಲಿ ಮೊಟ್ಟೆಯ ತಟ್ಟೆ ಹಿಡಿದು ಹೊರಗೆ ಬಂದ. ನಕ್ಷೆ ನೋಡಿದ, ಹಗ್ಗ ನೋಡಿದ, ಕೆಂಪು ಪಟ್ಟಿ ನೋಡಿದ. ಅವನ ಮುಖದ ಬಣ್ಣ ಮೊಟ್ಟೆಯ ಬಣ್ಣಕ್ಕೆ ತಿರುಗಿತು.

"ಸ್ವಾಮಿ, ರಸ್ತೆ ಬರುತ್ತಾ?"

"ಇಲ್ಲಪ್ಪಾ," ಎಂದ ಮೈಕಣ್ಣ ನಗುತ್ತ. "ಇಲ್ಲಿ ರಸ್ತೆ ಇಲ್ಲ ಅಂತಾನೇ ನಾವು ಬಂದಿರೋದು."

"ಅದು ಗೊತ್ತು ಸ್ವಾಮಿ. ಇಲ್ಲದೆ ಇರೋ ಕಡೆ ತಾನೇ ಮಾಡೋದು?"

"ಅಯ್ಯೋ, ನಾವು ಯಾತ್ರೆಗೆ ಹೋಗೋರು ಕಣಯ್ಯಾ!"

"ಯಾತ್ರೆಗೆ ಹೋಗೋರು ನಮ್ಮ ಮಲಗೋ ಕೋಣೆಗೆ ಯಾಕೆ ಹಗ್ಗ ಹಿಡೀತೀರಿ?"

ಇದು ನ್ಯಾಯವಾದ ಪ್ರಶ್ನೆ. ಹೆಡ್‌ಮೇಷ್ಟ್ರು ಒಬ್ಬರಿಗೆ ಪಾಸಿನ ಅಂಕ ಕೊಡುವವರಂತೆ ತಲೆಯಾಡಿಸಿದರು. ಮಾತಿಗೆ ಮಾತು ಬೆಳೆಯಿತು, ಅಕ್ಕಪಕ್ಕದವರು ಓಡಿಬಂದರು, ಕೋಳಿಗಳೂ ತಮಗೆ ತೋಚಿದ್ದನ್ನು ಹೇಳಿದವು.

ಕೋಳಿ ಫಾರಂನವನ ಹೆಂಡತಿ ಅವಳ ಕೈಯಲ್ಲಿದ್ದ ಖಾಲಿ ಬಾಟಲಿ ನೋಡಿ, "ಬಾರಕ್ಕಾ, ಗಂಡಸರು ಕಿತ್ತಾಡ್ಕೊಳ್ಳಲಿ, ನೀನು ನೀರು ತುಂಬ್ಕೋ," ಎಂದು ಹಿಂಬಾಗಿಲಿಗೆ ಕರೆದುಕೊಂಡು ಹೋದಳು.

ಹಿಂಬಾಗಿಲಿನಾಚೆ ಕೆರೆಯ ಏರಿ. ಏರಿಯ ಮೇಲೆ, ಹುಲ್ಲಿನ ನಡುವೆ, ಕಾಲಿಂದ ತುಳಿದು ತುಳಿದು ನುಣುಪಾದ ಒಂದು ದಾರಿ. ಅವಳು ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು, ಆ ತಿರುವಿನವರೆಗೆ ನೋಡಿ ಬರೋಣ ಎಂದು ಹೊರಟಳು. ತಿರುವು ಬಂತು, ಇನ್ನೊಂದು ತಿರುವಿನವರೆಗೆ ಎಂದಳು. ಒಂದು ನಾಯಿ ಕೆಲಸವಿದ್ದಂತೆ ಅವಳ ಮುಂದೆ ಮುಂದೆ ನಡೆಯಿತು. ಲಾರಿಯ ಸದ್ದಿಲ್ಲ, ಗಂಡನ ಸದ್ದೂ ಹಿಂದೆ ಹಿಂದೆ ಸರಿದು ಒಂದು ಕಡೆ ನಿಂತೇಹೋಯಿತು. ಅವನ ದನಿ ಕೇಳಿಸದ ಜಾಗ ಭೂಮಿಯ ಮೇಲೆ ಇದೆ ಎಂಬುದೇ ಅವಳಿಗೆ ಹೊಸ ವಿಷಯ. ಏರಿ ಮುಗಿದಲ್ಲಿ ಸಣ್ಣದೊಂದು ಮೋರಿ, ಅದರ ಮೇಲೆ ಹೆದ್ದಾರಿ ಅಡ್ಡ ಬಂದಿತ್ತು. ಒಂದು ಲಾರಿ ಹೋಗಲು ಬಿಟ್ಟು, ಸೆರಗು ಬಿಗಿದುಕೊಂಡು ದಾಟಿದಳು. ಎದೆ ಬಾಯಿಗೆ ಬರುವಷ್ಟರಲ್ಲಿ ರಸ್ತೆಯೇ ಮುಗಿದುಹೋಗಿತ್ತು. ಆಚೆ ಮರಗಳ ಸಂದಿಯಿಂದ ಗುಡ್ಡದ ಮೊದಲ ಮೆಟ್ಟಿಲುಗಳು, ಸುಣ್ಣ ಬಳಿದವು, ಬೆಳ್ಳಗೆ ಕಾಣುತ್ತಿದ್ದವು. ಅವಳು ಅಷ್ಟು ದೂರದಿಂದ ಅವನ್ನು ಬೇರೆ ಬೇರೆಯಾಗಿ ನೋಡಿ ಬಹಳ ಕಾಲವಾಗಿತ್ತು. ಹತ್ತುವ ಆಸೆಯಾಯಿತು. ಆದರೆ ಮನೆಯ ಹೊಸ್ತಿಲಿನಿಂದ ಹರಕೆ ಎಂದುಕೊಂಡು ಹೊರಟು ನಡೆದರೆ ತಾನೇ ಲೆಕ್ಕ? ಅವಳು ಹಿಂತಿರುಗಿದಳು.

ಕೋಳಿ ಫಾರಂನಲ್ಲಿ ಜಗಳ ಹಾಗೇ ಬಿಸಿಯಾಗಿತ್ತು. "ನೀರು ತರೋಕೆ ಇಷ್ಟು ಹೊತ್ತಾ?" ಎಂದ ಗಂಡ.

"ರೀ, ಕೆರೆ ಏರಿ ಮೇಲೆ ಒಳ್ಳೇ ದಾರಿ ಇದೆ. ಗುಡ್ಡದ ಮೆಟ್ಟಿಲೇ ಕಾಣುತ್ತೆ. ಒಂದೇ ಒಂದು ಕಡೆ ರಸ್ತೆ ದಾಟಬೇಕು, ಅಷ್ಟೇ."

ಹೆಡ್‌ಮೇಷ್ಟ್ರ ಕಿವಿ ನೆಟ್ಟಗಾಯಿತು. "ದಾಟಬೇಕಾ? ಅಂದ್ರೆ ರಸ್ತೆ ತುಳೀಬೇಕು!"

"ಬೇಡವೇ ಬೇಡ," ಎಂದ ಮೈಕಣ್ಣ ತಕ್ಷಣ. "ನಿನಗೆ ನಕ್ಷೆ ಅರ್ಥ ಆಗಲ್ಲ, ಸುಮ್ನಿರು."

ಅವಳು ಸುಮ್ಮನಾದಳು.

ಆದರೆ ಊರು ಸುಮ್ಮನಾಗಲಿಲ್ಲ. ರಸ್ತೆ ಬರುತ್ತದೆ ಎಂಬ ಸುದ್ದಿ ಮೈಕಿನ ಸಹಾಯವಿಲ್ಲದೆಯೇ ಹರಡಿತು. ಬೆಳಿಗ್ಗೆ ಕೋಳಿ ಫಾರಂನವನು ತಟ್ಟೆಗಟ್ಟಲೆ ಮೊಟ್ಟೆ ತಂದು, "ಸ್ವಾಮಿ, ನನ್ನ ಮನೆ ಬಿಟ್ಟು ಪಕ್ಕದಲ್ಲಿ ತಿರುಗಿಸಿಬಿಡಿ," ಎಂದ. ಮಧ್ಯಾಹ್ನ ಸಿಮೆಂಟ್ ಅಂಗಡಿಯವನು ಬಾಳೆಗೊನೆ ತಂದು, "ಸ್ವಾಮಿ, ನನ್ನ ಅಂಗಡಿ ಮುಂದೇನೇ ಬರಲಿ," ಎಂದ. ಮೈಕಣ್ಣ ಇಬ್ಬರಿಗೂ, "ನಾನು ಬರೀ ಯಾತ್ರಿಕ," ಎಂದು ಕೈ ಮುಗಿದ. ಇಬ್ಬರೂ ಕಣ್ಣು ಮಿಟುಕಿಸಿ ಹೋದರು.

"ಬಂದದ್ದನ್ನ ಬೇಡ ಅನ್ನಬಾರದು ಕಣೋ," ಎಂದು ಅತ್ತಿಗೆ ಮೊಟ್ಟೆಗಳನ್ನು ಒಳಗೆ ಸಾಗಿಸಿದಳು.

ಅತ್ತ ಕೆಂಪು ಪಟ್ಟಿಗಳಿಗೆ ಕಾಲು ಬಂತು. ಮನೆ ಉಳಿಸಿಕೊಳ್ಳುವವರು ಅವನ್ನು ಬಿಚ್ಚಿ ದೂರ ಕಟ್ಟಿದರು, ಅಂಗಡಿಯವರು ಬಿಚ್ಚಿ ಹತ್ತಿರ ಕಟ್ಟಿಕೊಂಡರು. ಬಾವಿಯ ಪಟ್ಟಿ ಸಿಮೆಂಟ್ ಅಂಗಡಿಯ ಕಂಬ ಸೇರಿತು. ಹಿಂದಿನ ಕಾಲದವರ ಆ ಚೂಪು ತಿರುವು ಇದ್ದಕ್ಕಿದ್ದಂತೆ ಹೋಟೆಲೊಂದನ್ನು ಸುತ್ತಿ ಬರತೊಡಗಿತು.

ವಾರ ಕಳೆಯುವುದರೊಳಗೆ ಇಬ್ಬರು ಅಧಿಕಾರಿಗಳು ಒಂದೇ ಹೊತ್ತಿಗೆ ಮನೆಗೆ ಬಂದರು. ಒಬ್ಬರು ಮೇಲಿನ ಪುರಸಭೆಯವರು, ಒಬ್ಬರು ಕೆಳಗಿನ ಪುರಸಭೆಯವರು. ಕೂರಲು ಇದ್ದ ಒಂದೇ ಕುರ್ಚಿಯನ್ನು ಇಬ್ಬರೂ ಒಂದೊಂದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಅವಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲನ್ನು ಕೊಟ್ಟು ನೆಲದ ಮೇಲೆ ಕೂತು ಹೆಗಲಚೀಲಕ್ಕೆ ಅಕ್ಷರ ಹಾಕತೊಡಗಿದಳು.

"ನಕ್ಷೆ ತೋರಿಸಿ," ಎಂದರು ಮೇಲಿನವರು. ನೋಡಿ ಅವರ ಹುಬ್ಬು ಮೇಲೇರಿತು. "ಏನ್ರೀ ಇದು? ಈ ಚುಕ್ಕೆ ಗೆರೆ ದಾರಿಯಲ್ಲ. ನಮ್ಮ ಪುರಸಭೆಗೂ ಇವರ ಪುರಸಭೆಗೂ ಇರೋ ಗಡಿ!"

ಮೈಕಣ್ಣ ಬಾಯಿ ತೆರೆದ. ಅವನ ಉದ್ಯೋಗದ ಇತಿಹಾಸದಲ್ಲೇ ಮೊದಲ ಬಾರಿಗೆ ಏನೂ ಕೇಳಿಸಲಿಲ್ಲ.

ಒಳಗಿನಿಂದ ಅತ್ತಿಗೆ ಇಣುಕಿದಳು. "ಅಂದ್ರೆ ನಾನು ಅವತ್ತು ಗೋಡೆ ಮೇಲೆ ಕೂತಾಗ, ಒಂದು ಕಾಲು ಒಂದು ಪುರಸಭೇಲಿ, ಇನ್ನೊಂದು ಕಾಲು ಇನ್ನೊಂದರಲ್ಲಿ ಇತ್ತಾ?"

"ನಾನು ಮೊದಲೇ ಸಂಶಯಪಟ್ಟಿದ್ದೆ," ಎಂದರು ಗೋಡೆಯಾಚೆಯಿಂದ ಹೆಡ್‌ಮೇಷ್ಟ್ರು.

"ಸರ್," ಎಂದ ಮೈಕಣ್ಣ ಕೊನೆಗೆ, ಮೈಕಿಲ್ಲದ ದನಿಯಲ್ಲಿ. "ತಪ್ಪಾಯ್ತು. ನಾನು ಬಸ್ ನಿಲ್ದಾಣದವನು. ಯಾವ ರಸ್ತೇನೂ ಇಲ್ಲ. ಗುಡಿಗೆ ನಡೆದು ಹೋಗೋಣ ಅಂತಷ್ಟೇ..."

ಸತ್ಯ ಹೇಳಿದರೆ ಎಲ್ಲ ಮುಗಿಯುತ್ತದೆ ಎಂದು ಅವನು ಭಾವಿಸಿದ್ದ. ಅಧಿಕಾರಿಗಳ ಅನುಭವ ಬೇರೆಯೇ ಆಗಿತ್ತು.

"ಕೇಳಿದ್ರಾ?" ಎಂದರು ಕೆಳಗಿನವರು ಮೇಲಿನವರಿಗೆ. "ಸಾರಿಗೆ ಇಲಾಖೆಯವನು, ಗಡಿ ಮೇಲೆ ಕೆಂಪು ಪಟ್ಟಿ, ಕೇಳಿದ್ರೆ ಗುಡಿಗೆ ಹೋಗ್ತೀನಿ ಅಂತಾನೆ! ಗಡಿ ಮೇಲೆ ನೀವು ಗುಟ್ಟಾಗಿ ರಸ್ತೆ ಮಾಡಿ, ಆಮೇಲೆ ಎಲ್ಲ ನಿಮ್ಮದೇ ಅನ್ನೋ ಹುನ್ನಾರ ಇದು."

"ಹುನ್ನಾರ ನಿಮ್ಮದು! ಇವನನ್ನ ಕಳಿಸಿದ್ದೇ ನೀವು."

ಮೈಕಣ್ಣ ಇಬ್ಬರ ನಡುವೆ ನಿಂತು ಆಚೆಗೂ ಈಚೆಗೂ ಕತ್ತು ತಿರುಗಿಸಿದ. ಇಬ್ಬರೂ ಕುರ್ಚಿ ಬಿಟ್ಟು ಒಟ್ಟಿಗೇ ಬಾಗಿಲಿಗೆ ನುಗ್ಗಿದರು. ಚುನಾವಣೆ ಹತ್ತಿರವಿತ್ತು, ರಸ್ತೆ ಮೊದಲು ಮಾಡಿದವರದೇ ಹೆಸರು. ಮರುದಿನವೇ ಮೇಲಿನ ಪುರಸಭೆಯ ಬುಲ್ಡೋಜರ್ ಇಟ್ಟಿಗೆ ಭಟ್ಟಿಯ ಕಡೆಯಿಂದಲೂ, ಕೆಳಗಿನ ಪುರಸಭೆಯದು ಗುಡ್ಡದ ಕಡೆಯಿಂದಲೂ ಹೊರಟವು. ಯಾರ ಮೇಜಿನ ಮೇಲೂ ಒಂದೇ ಒಂದು ಕಡತ ನಿಲ್ಲಲಿಲ್ಲ. ನಡುವೆ ಎಲ್ಲಿ ಹೋಗಬೇಕೆಂದು ಗೊತ್ತಾಗದಿದ್ದಾಗ ಎರಡೂ ಕಡೆಯವರು ಕೆಂಪು ಪಟ್ಟಿಗಳನ್ನು ಹುಡುಕಿಕೊಂಡು ಹೋದರು. ಹೀಗಾಗಿ ರಸ್ತೆ ಕೋಳಿ ಫಾರಂ ಬಿಟ್ಟು ಸುತ್ತಿತು, ಸಿಮೆಂಟ್ ಅಂಗಡಿಗೆ ಮುಖ ತೋರಿಸಿತು, ಹೋಟೆಲಿನವನ ಬಳಿ ಒಂದು ಸುತ್ತು ಹಾಕಿತು, ತಿಂಗಳು ತುಂಬುವುದರೊಳಗೆ ಗುಡ್ಡದ ಬುಡ ತಲುಪಿತು.

"ಭೇಷ್ ಮೈಕಣ್ಣ," ಎಂದರು ಹೆಡ್‌ಮೇಷ್ಟ್ರು ಗೋಡೆಯ ಮೇಲೆ ಮೊಣಕೈ ಊರಿ. "ರಸ್ತೆ ಇಲ್ಲದ ದಾರಿ ಹುಡುಕೋಕೆ ಹೋಗಿ ಹೊಸ ರಸ್ತೇನೇ ಹುಟ್ಟಿಸಿಬಿಟ್ರಲ್ಲ!"

ಮೈಕಣ್ಣ ಮೂರು ದಿನ ಮಂಕಾಗಿ ಕೂತ. ಮೈಕಿನಲ್ಲಿ ಬಸ್ಸುಗಳ ಹೆಸರನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಜನ ತಪ್ಪು ಬಸ್ಸು ಹತ್ತಿ ಬೇರೆ ಬೇರೆ ನೆಂಟರ ಮನೆಗೆ ಹೋದರು. ನಾಲ್ಕನೆಯ ದಿನ ಡಿಪೋ ಮ್ಯಾನೇಜರ್ ಕರೆದು, ಹೊಸ ರಸ್ತೆಯಲ್ಲಿ ಗುಡ್ಡಕ್ಕೆ ನೇರ ಬಸ್ಸು ಬಿಡುತ್ತಿದ್ದೇವೆ, ಶುಕ್ರವಾರ ಬೆಳಿಗ್ಗೆ ಉದ್ಘಾಟನೆ, ಮೊದಲ ಘೋಷಣೆ ನಿಮ್ಮದು ಎಂದರು.

ಸಂಜೆ ಮೈಕಣ್ಣ ಬೀದಿಯ ತುದಿಯಿಂದಲೇ "ಗಮನಿಸಿ!" ಎಂದು ಕೂಗುತ್ತ ಬಂದ. ಸಮಿತಿ ಸೇರಿತು.

"ಯಾತ್ರೆ ನಿಂತಿಲ್ಲ. ಶುಕ್ರವಾರ ಮೊದಲ ಬಸ್ಸಿನಲ್ಲಿ ಎಲ್ಲರೂ ಗುಡ್ಡಕ್ಕೆ!"

"ಬಸ್ಸಿನಲ್ಲಾ?" ಹೆಡ್‌ಮೇಷ್ಟ್ರು ಗಹಗಹಿಸಿದರು. "ಒಂದು ಹೆಜ್ಜೆ ರಸ್ತೆ ಮುಟ್ಟಲ್ಲ ಅಂದಿದ್ರಲ್ಲ?"

"ಬಸ್ಸಿನಲ್ಲಿ ಕೂತ್ರೆ ನಿಮ್ಮ ಕಾಲು ರಸ್ತೆಗೆ ತಾಗುತ್ತಾ ಮೇಷ್ಟ್ರೇ?"

ಹೆಡ್‌ಮೇಷ್ಟ್ರು ಯೋಚಿಸಿದರು. ತಮ್ಮ ಕಾಲು ನೋಡಿಕೊಂಡರು. ಅಷ್ಟು ವರ್ಷಗಳ ಅಧ್ಯಾಪನದಲ್ಲಿ ಯಾರಿಗೂ ಸಿಗದ ಅಂಕ ಅಂದು ಮೈಕಣ್ಣನಿಗೆ ಸಿಕ್ಕಿತು. "ತಾಗಲ್ಲ," ಎಂದರು.

"ನನ್ನ ತಮ್ಮ ಚಿಕ್ಕಂದಿನಿಂದ್ಲೂ ಹೀಗೇ, ಬುದ್ಧಿ ಅಂದ್ರೆ ಬುದ್ಧಿ," ಎಂದು ಅತ್ತಿಗೆ ಕಣ್ಣೊರೆಸಿಕೊಂಡಳು. ಹೊಲಿದ ಚೀಲಗಳೂ ಹಾಳಾಗಲಿಲ್ಲ, ಅಕ್ಷರ ಹಾಗೇ ಇರಲಿ ಎಂದು ಒಮ್ಮತವಾಯಿತು.

ಎಲ್ಲ ಚದುರಿದ ಮೇಲೆ ಗಂಡ ಅವಳ ಪಕ್ಕ ಬಂದು ಕೂತ. ಅವಳು ಕೊನೆಯ ಚೀಲಕ್ಕೆ ಪಟ್ಟಿ ಹೊಲಿಯುತ್ತಿದ್ದಳು. "ನಿನಗೆ ಕಿಟಕಿ ಪಕ್ಕದ ಸೀಟು ಇಟ್ಟಿದೀನಿ ಕಣೇ. ನೋಡು, ಅಂತೂ ನಿನ್ನ ಆಸೆ ಪೂರೈಸಿದೆ," ಎಂದ. ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ಅದೇ ಕಷ್ಟ.

"ನಡೆದು ಬರ್ತೀನಿ ಅಂತ ಹೇಳಿಕೊಂಡಿದ್ದೆ ರೀ ನಾನು."

"ದೇವರಿಗೆ ಅದೆಲ್ಲ ಅರ್ಥ ಆಗುತ್ತೆ," ಎಂದು ಅವನು ಎದ್ದು ಕನ್ನಡಿಯ ಮುಂದೆ ನಿಂತು ಶುಕ್ರವಾರದ ಘೋಷಣೆ ಅಭ್ಯಾಸ ಮಾಡತೊಡಗಿದ.

ಅವಳು ಹೊಸ ದಾರ ಕತ್ತರಿಸಿ ಸೂಜಿಗೆ ಹಿಡಿದಳು. ಮೊದಲನೇ ಸಲಕ್ಕೇ ಹೋಯಿತು.

"ಶುಕ್ರವಾರ ನನಗೆ ಆಗಲ್ಲ ರೀ," ಎಂದಳು ತಲೆ ಎತ್ತದೆ. "ಕ್ರೀಡಾದಿನದ ಬಟ್ಟೆ ಬಾಕಿ ಇದೆ. ಕೆಂಪು ಬಟ್ಟೆ ನೀವು ಮುಗಿಸಿದ್ರಲ್ಲ, ಮತ್ತೆ ತಂದು ಹೊಲೀಬೇಕು. ನನ್ನ ಸೀಟಿನಲ್ಲಿ ಅತ್ತಿಗೆ ಕಾಲು ಚಾಚಿಕೊಂಡು ಕೂರಲಿ."

"ಛೆ! ನೀನೇ ಇಲ್ಲ ಅಂದ್ರೆ ಹೇಗೆ?" ಎಂದ ಗಂಡ. ಮರುಕ್ಷಣವೇ, "ಮೈಕು ಸರಿಯಾಗಿದ್ರೆ ಸಾಕು, ಇಲ್ಲಿಗೂ ಕೇಳುತ್ತೆ ಬಿಡು," ಎಂದ.

ಕೇಳಬಹುದು, ಎಂದುಕೊಂಡಳು ಅವಳು. ಕೆರೆ ಏರಿಯ ಎರಡನೇ ತಿರುವಿನವರೆಗೆ ಕೇಳಬಹುದು. ಅಲ್ಲಿಂದಾಚೆಗೆ ಕೇಳಲಿಕ್ಕಿಲ್ಲ.

ಚೀಲ ಮುಗಿಸಿ ಮಡಿಸಿಟ್ಟಳು. ಮುಂಬಾಗಿಲಲ್ಲಿದ್ದ ತನ್ನ ಚಪ್ಪಲಿ ತಂದು, ಸಡಿಲವಾಗಿದ್ದ ಪಟ್ಟಿಗೆ ದಪ್ಪ ದಾರದಲ್ಲಿ ಎರಡು ಸುತ್ತು ಬಿಗಿಯಾಗಿ ಹೊಲಿಗೆ ಹಾಕಿದಳು, ಹಲ್ಲಿನಿಂದ ದಾರ ಕಡಿದಳು, ಒಮ್ಮೆ ಎಳೆದು ನೋಡಿದಳು. ಆಮೇಲೆ ಅದನ್ನು ತಂದ ಜಾಗಕ್ಕೆ ಒಯ್ಯದೆ, ಹಿತ್ತಲ ಬಾಗಿಲಿನ ಹಿಂದೆ, ತುದಿ ಹೊರಗೆ ಮಾಡಿ ಇಟ್ಟಳು.